ಹತ್ತಡಿ ಅಗಲ, ಹತ್ತಡಿ ಎತ್ತರ: ಗಮಕದ ಧ್ವನಿಮುದ್ರಣಕ್ಕೆ ಕೋಣೆ ಸಜ್ಜುಮಾಡಿದ ದಾಖಲೆ

ಶಿವಮೊಗ್ಗದ ನಮ್ಮ ಮನೆಯ ಮಹಡಿಯಲ್ಲಿ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಒಂದು ಕೋಣೆಯಿದೆ. ತಂದೆಯವರ ಗಮಕ ವಾಚನವನ್ನೂ (ಹಳೆಯ ಕಾವ್ಯವನ್ನು ರಾಗದಲ್ಲಿ ಓದುವ ಕಲೆ) ಅದಕ್ಕೆ ನಾನು ಮಾಡುವ ವ್ಯಾಖ್ಯಾನವನ್ನೂ ಮನೆಯಲ್ಲಿಯೇ ಧ್ವನಿಮುದ್ರಿಸಿ ಉಳಿಸಿಕೊಳ್ಳಬೇಕೆಂದು 2023ರ ಡಿಸೆಂಬರ್‌ನಲ್ಲಿ ಆ ಕೋಣೆಯನ್ನು ತೆರವು ಮಾಡಿದೆ. ತಂದೆಯವರು ತುಂಗೆಯ ದಡದ ಹೊಸಹಳ್ಳಿಯಲ್ಲಿ ಹಿರಿಯರ ಬಳಿ ಕುಳಿತು ವಾಚನ ಕಲಿತವರು. ಈಗ ಎಪ್ಪತ್ತು ದಾಟಿದ್ದಾರೆ, ಕಂಠ ಇನ್ನೂ ಗಟ್ಟಿಯಾಗಿದೆ. ಈ ಕೆಲಸ ಇನ್ನು ಮುಂದೂಡುವಂಥದ್ದಲ್ಲವೆಂದು ನನಗೆ ಅನ್ನಿಸಿತ್ತು. ಕೋಣೆ ಒಂದು ಹದಕ್ಕೆ ಬರಲು ಹನ್ನೊಂದು ವಾರ ಹಿಡಿಯಿತು. ಯಾವ ದಿನ ಏನು ಮಾಡಿದೆ, ಎಲ್ಲಿ ತಪ್ಪಿದೆ, ಎಷ್ಟು ಹಣ ವ್ಯರ್ಥವಾಯಿತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದರಿಂದ ಅದನ್ನೇ ಕ್ರಮವಾಗಿ ಇಲ್ಲಿ ಬರೆಯುತ್ತಿದ್ದೇನೆ.

1. ಡಿಸೆಂಬರ್ 17: ಮೊದಲ ಮುದ್ರಣ

ಕೋಣೆಯ ನಡುಮಧ್ಯದಲ್ಲಿ ಕುರ್ಚಿ ಹಾಕಿ, ಬಾಯಿಯಿಂದ ಸುಮಾರು 10 ಇಂಚು ದೂರದಲ್ಲಿ ಕಂಡೆನ್ಸರ್ ಮೈಕ್ ನಿಲ್ಲಿಸಿದೆ. ತಂದೆಯವರು ಎಂದಿನಂತೆ ನೆಲದ ಮೇಲೆ ವ್ಯಾಸಪೀಠದ ಮುಂದೆ ಕೂರುವವರು. ಮಂಡಿನೋವಿನ ಕಾರಣದಿಂದ ಈಗ ಕುರ್ಚಿ ಬೇಕು. ಹತ್ತು ಷಟ್ಪದಿಗಳನ್ನು ಮುದ್ರಿಸಿ ಹೆಡ್‌ಫೋನ್‌ನಲ್ಲಿ ಕೇಳಿದಾಗ ಎರಡು ದೋಷಗಳು ಸ್ಪಷ್ಟವಾಗಿ ಕಿವಿಗೆ ಬಿದ್ದವು. ಒಂದು, ಸಾಲಿನ ಎರಡನೆಯ ಅಕ್ಷರವಾದ ಪ್ರಾಸಾಕ್ಷರದ ಮೇಲೆ ಮೊದಲ ಅಕ್ಷರದ ಅನುರಣನ ಹೊದ್ದುಕೊಂಡು, ವ್ಯಂಜನದ ಅಂಚು ಮಸುಕಾಗುತ್ತಿತ್ತು. ಪದ್ಯ ಕೇಳುವವನಿಗೆ ಪ್ರಾಸವೇ ತಿಳಿಯದಿದ್ದರೆ ಆ ಮುದ್ರಣದಿಂದ ಏನೂ ಪ್ರಯೋಜನವಿಲ್ಲ. ಎರಡು, ಕಪ್ಪು ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ) ಶ್ರುತಿಯಲ್ಲಿ ಮೋಹನ ರಾಗ ಹಿಡಿದು ವಾಚಿಸುತ್ತಾ ಅವರು ಮಂದ್ರದ, ಅಂದರೆ ಕೆಳಸ್ಥಾಯಿಯ, ಧೈವತಕ್ಕೆ ಇಳಿದಾಗಲೆಲ್ಲ ಆ ಒಂದು ಸ್ವರ ಮಾತ್ರ ಹಂಡೆಯೊಳಗಿಂದ ಬಂದಂತೆ ಊದಿಕೊಳ್ಳುತ್ತಿತ್ತು. ಅದರ ಮೇಲಿನ ಷಡ್ಜವಾಗಲಿ ಕೆಳಗಿನ ಪಂಚಮವಾಗಲಿ ಹಾಗೆ ಆಗುತ್ತಿರಲಿಲ್ಲ. ಈ ಎರಡನೆಯ ದೋಷವನ್ನು ಆಗ ನಾನು ಮೈಕಿನ ದೋಷವೆಂದು ಭಾವಿಸಿದೆ. ನಾಲ್ಕು ವಾರಗಳ ನಂತರವೇ ಅದು ಕೋಣೆಯ ಅಳತೆಯಿಂದ ಬಂದದ್ದೆಂದು ತಿಳಿಯಿತು.

2. ಡಿಸೆಂಬರ್ 24ರಿಂದ ಜನವರಿ 7: ಮೊಟ್ಟೆಯ ಟ್ರೇ ಮತ್ತು ಫೋಮ್

ಮೊದಲು ಅಂಗಡಿಯವರಿಂದ ಮೊಟ್ಟೆಯ ಕಾಗದದ ಟ್ರೇಗಳನ್ನು ಕೇಳಿ ತಂದು ಒಂದು ಗೋಡೆಗೆ ಅಂಟಿಸಿದೆ. ಚಪ್ಪಾಳೆ ತಟ್ಟಿದಾಗ ಬರುತ್ತಿದ್ದ ಗಿಣಿಗಿಣಿ ಸದ್ದು ತುಸು ಮಾತ್ರ ಬದಲಾಯಿತು, ಮುದ್ರಣದಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ. ತೆಳುವಾದ ಕಾಗದಕ್ಕೆ ಧ್ವನಿಯನ್ನು ಹೀರುವ ಶಕ್ತಿಯಿಲ್ಲ. ಎರಡೇ ದಿನದಲ್ಲಿ ಅವನ್ನು ತೆಗೆದೆ.

ಅನಂತರ ಒಂದು ಇಂಚು ದಪ್ಪದ, ಮೊನೆಮೊನೆಯಾಗಿ ಕತ್ತರಿಸಿದ ಕಪ್ಪು ಫೋಮ್ ಹಲಗೆಗಳನ್ನು 3,200 ರೂಪಾಯಿಗೆ ತರಿಸಿ, 450 ರೂಪಾಯಿಯ ಸ್ಪ್ರೇ ಅಂಟಿನಿಂದ ಮೈಕಿನ ಹಿಂದಿನ ಗೋಡೆಗೂ ಎಡಬಲದ ಗೋಡೆಗಳಿಗೂ ಹಚ್ಚಿದೆ. ಇದರಲ್ಲಿ ಎರಡು ತಪ್ಪುಗಳಿದ್ದವು. ಮೊದಲನೆಯದು ದಪ್ಪ: ಒಂದು ಇಂಚಿನ ಫೋಮ್ ಸ, ಶ, ಚ ಮುಂತಾದ ಅಕ್ಷರಗಳ ಹರಿತವನ್ನು ಹೀರಿತೇ ಹೊರತು ಕೆಳಗಿನ ಸ್ವರಗಳನ್ನು ಮುಟ್ಟಲಿಲ್ಲ. ಮೇಲಿನ ಹೊಳಪು ಹೋಗಿ ಕೆಳಗಿನ ಗುಂಯ್‌ಗುಡುವಿಕೆ ಹಾಗೆಯೇ ಉಳಿದದ್ದರಿಂದ ಧ್ವನಿ ಮೊದಲಿಗಿಂತಲೂ ಕೆಟ್ಟದಾಗಿ, ಕಂಬಳಿ ಹೊದ್ದು ಓದಿದಂತೆ ಕೇಳಿಸಿತು. ಎರಡನೆಯದು ಜಾಗ: ನಮ್ಮ ಮೈಕ್ ಎದುರಿನಿಂದ ಬರುವ ಧ್ವನಿಯನ್ನು ಹಿಡಿದು ಹಿಂದಿನದನ್ನು ಬಹುಪಾಲು ಬಿಡುವ ಕಾರ್ಡಿಯಾಯ್ಡ್ ಬಗೆಯದು. ಅದು ನೋಡುತ್ತಿರುವುದು ವಾಚಕರನ್ನು ಮತ್ತು ವಾಚಕರ ಬೆನ್ನ ಹಿಂದಿನ ಗೋಡೆಯನ್ನು. ಮೊದಲು ಹೊದಿಸಬೇಕಾದದ್ದು ಆ ಗೋಡೆ. ನಾನು ಅದೊಂದನ್ನೇ ಖಾಲಿ ಬಿಟ್ಟಿದ್ದೆ.

ಫೋಮ್ ಕೀಳುವಾಗ ಬಣ್ಣವೂ ಪುಟ್ಟಿಯೂ ಅಂಗೈಯಗಲದ ಚಕ್ಕೆಗಳಾಗಿ ಕಿತ್ತು ಬಂದವು. ಗೋಡೆಯನ್ನು ಸರಿಪಡಿಸಿ ಬಣ್ಣ ಬಳಿಸಲು 1,400 ರೂಪಾಯಿ ಹೋಯಿತು. ಗೋಡೆಗೆ ನೇರವಾಗಿ ಅಂಟು ಬಳಿಯುವ ಕೆಲಸವನ್ನು ಯಾರೂ ಮಾಡಬೇಡಿ. ಸಾಧಾರಣ ಪಾಲಿಯುರೆಥೇನ್ ಫೋಮ್ ಬೆಂಕಿ ತಗುಲಿದರೆ ಬೇಗ ಹೊತ್ತಿಕೊಂಡು ವಿಷದ ಹೊಗೆ ಬಿಡುತ್ತದೆ ಎಂಬುದೂ ಅದನ್ನು ತೆಗೆಯಲು ಇನ್ನೊಂದು ಕಾರಣವಾಗಿತ್ತು.

3. ಜನವರಿ 14: ಅಳತೆ

ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸವನ್ನು ನಾಲ್ಕು ವಾರಗಳ ನಂತರ ಮಾಡಿದೆ. ಪರಿಚಯದವರೊಬ್ಬರಿಂದ ಅಳತೆಯ ಮೈಕ್ ಎರವಲು ತಂದು, ರೂಮ್ ಇಕ್ಯೂ ವಿಜಾರ್ಡ್ ಎಂಬ ಉಚಿತ ತಂತ್ರಾಂಶವನ್ನು ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಂಡು, ತಂದೆಯವರ ಕುರ್ಚಿಯ ಮೇಲೆ ಬಾಯಿಯ ಎತ್ತರಕ್ಕೆ ಸ್ಪೀಕರ್ ಇಟ್ಟು, ಮುದ್ರಣದ ಮೈಕ್ ಇದ್ದ ಜಾಗದಲ್ಲಿ ಅಳತೆಯ ಮೈಕ್ ನಿಲ್ಲಿಸಿದೆ. ಫ್ಯಾನ್ ನಿಲ್ಲಿಸಿ, ಕೆಳಗಿನಿಂದ ಮೇಲಕ್ಕೆ ಏರುವ ಸ್ವರವನ್ನು ಐದು ಬಾರಿ ನುಡಿಸಿ ಸರಾಸರಿ ತೆಗೆದೆ.

ಬರಿಯ ಕೋಣೆಯಲ್ಲಿ ಧ್ವನಿ 60 ಡೆಸಿಬಲ್ ಇಳಿಯಲು 1,000 ಹರ್ಟ್ಸ್ ಬಳಿ 1.4 ಸೆಕೆಂಡ್, 125 ಹರ್ಟ್ಸ್ ಬಳಿ 1.2 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. 114 ಹರ್ಟ್ಸ್‌ನಲ್ಲಿ ಅಕ್ಕಪಕ್ಕಕ್ಕಿಂತ ಸುಮಾರು 14 ಡೆಸಿಬಲ್ ಎತ್ತರದ ಒಂದು ಶಿಖರವಿತ್ತು. ಕಾಗದದ ಮೇಲೆ ಲೆಕ್ಕ ಹಾಕಿದಾಗ ಕಾರಣ ತಿಳಿಯಿತು. ಆ ದಿನದ ಸೆಕೆಗೆ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 348 ಮೀಟರ್. ಹತ್ತಡಿ ಎಂದರೆ 3.05 ಮೀಟರ್. ವೇಗವನ್ನು ಅಂತರದ ಇಮ್ಮಡಿಯಿಂದ ಭಾಗಿಸಿದರೆ 57; ಎದುರುಬದುರು ಗೋಡೆಗಳ ನಡುವೆ ಧ್ವನಿ ಹೋಗಿಬಂದು ಬಲಗೊಳ್ಳುವ ಮೊದಲ ಅನುರಣನ ಅದು. ಅದರ ಎರಡರಷ್ಟು 114, ಎರಡನೆಯ ಅನುರಣನ. ಕೋಣೆಯ ಅಗಲವೂ ಎತ್ತರವೂ ಒಂದೇ ಆಗಿರುವುದರಿಂದ ಎರಡು ದಿಕ್ಕಿನ ಅನುರಣನಗಳೂ ಅದೇ ಸಂಖ್ಯೆಯ ಮೇಲೆ ಒಂದರ ಮೇಲೊಂದು ಕೂತಿದ್ದವು. ಕಪ್ಪು ಒಂದರ ಶ್ರುತಿಯಲ್ಲಿ ಮಂದ್ರದ ಚತುಶ್ರುತಿ ಧೈವತ 116.5 ಹರ್ಟ್ಸ್. ಶಿಖರದ ಅಗಲದೊಳಗೆ ಅದು ನೇರವಾಗಿ ಬೀಳುತ್ತಿತ್ತು. ಹಂಡೆಯ ಸದ್ದಿನ ಮೂಲ ಅಲ್ಲಿತ್ತು, ಮೈಕಿನಲ್ಲಿರಲಿಲ್ಲ.

ಫೋಮ್ ಕೀಳುವ ಮೊದಲು ತೆಗೆದ ಇನ್ನೊಂದು ಅಳತೆಯೂ ನನ್ನ ಬಳಿ ಇದೆ: 4,000 ಹರ್ಟ್ಸ್‌ನಲ್ಲಿ ಇಳಿತದ ಅವಧಿ 1.1ರಿಂದ 0.5ಕ್ಕೆ ಬಂದಿದ್ದರೆ, 125 ಹರ್ಟ್ಸ್‌ನಲ್ಲಿ 1.2 ಇದ್ದದ್ದು 1.2 ಆಗಿಯೇ ಇತ್ತು.

4. ಜನವರಿ 26: ಸಾಮಗ್ರಿ

ದಪ್ಪ ಫಲಕಗಳೇ ಬೇಕೆಂದು ನಿಶ್ಚಯಿಸಿ ರಾಕ್‌ವೂಲ್ (ಕಲ್ಲನ್ನು ಕರಗಿಸಿ ಮಾಡಿದ ನಾರು) ಹಲಗೆಗಳನ್ನು ಆರಿಸಿದೆ. 1,000 ಮಿಲಿಮೀಟರ್ ಉದ್ದ, 600 ಅಗಲ, 50 ದಪ್ಪ, ಘನಮೀಟರಿಗೆ 48 ಕಿಲೋ ಸಾಂದ್ರತೆ. ಎರಡು ಹಲಗೆ ಸೇರಿಸಿ 100 ಮಿಲಿಮೀಟರಿನ ಒಂದು ಫಲಕ, ಅಂಥ ಹನ್ನೆರಡು ಫಲಕಗಳಿಗೆ 24 ಹಲಗೆಗಳು. ಬೆಂಗಳೂರಿನ ಮಾರಾಟಗಾರರಿಂದ ಹಲಗೆಗೆ 150 ರೂಪಾಯಿಯಂತೆ 3,600, ತೆರಿಗೆ ಸೇರಿ 4,248, ಲಾರಿ ಪಾರ್ಸೆಲ್ಲಿಗೆ 900. ಅಂಗಡಿಯವರು 96 ಕಿಲೋ ಸಾಂದ್ರತೆಯದ್ದು ಇನ್ನೂ ಒಳ್ಳೆಯದೆಂದು ಒತ್ತಾಯಿಸಿದರು. ನಾಲ್ಕು ಇಂಚು ದಪ್ಪದ ಫಲಕಕ್ಕೆ 48 ಸಾಕು. ತೂಕವೂ ಅರ್ಧ, ಬೆಲೆಯೂ ಕಡಿಮೆ, ಸೂರಿಗೆ ತೂಗುಹಾಕುವಾಗ ಹೆದರಿಕೆಯೂ ಇರುವುದಿಲ್ಲ.

ಚೌಕಟ್ಟಿಗೆ ನಮ್ಮಲ್ಲಿ ಸುಲಭವಾಗಿ ಸಿಗುವ ಸಿಲ್ವರ್ ಓಕ್ ಪಟ್ಟಿ, 4 ಇಂಚು ಅಗಲ, ಮುಕ್ಕಾಲು ಇಂಚು ದಪ್ಪ, ಅಡಿಗೆ 28 ರೂಪಾಯಿಯಂತೆ 150 ಅಡಿ, 4,200 ರೂಪಾಯಿ.

5. ಫೆಬ್ರವರಿ 3 ಮತ್ತು 4: ಚೌಕಟ್ಟು

ಬಡಗಿಯವರ ಎರಡು ದಿನದ ಕೂಲಿ 2,000. ಇಲ್ಲಿ ಮೂರು ತಪ್ಪುಗಳಾದವು, ಮೂರೂ ನನ್ನವೇ.

ಚೀಟಿಯಲ್ಲಿ 1,000 ಗುಣಿಸು 600 ಎಂದು ಬರೆದುಕೊಟ್ಟೆ, ಅದು ಒಳ ಅಳತೆ ಎಂದು ಬರೆಯಲಿಲ್ಲ. ಅವರು ರೂಢಿಯಂತೆ ಹೊರ ಅಳತೆ ಎಂದು ತಿಳಿದು ಮೊದಲ ಮೂರು ಚೌಕಟ್ಟುಗಳನ್ನು ಕೂಡಿಸಿಬಿಟ್ಟರು. ಒಳಗೆ ಉಳಿದದ್ದು 962 ಗುಣಿಸು 562. ಆ ಮೂರಕ್ಕೆ ಆರು ಹಲಗೆಗಳನ್ನು ಹಲ್ಲಿನ ಬ್ರೆಡ್ ಚಾಕುವಿನಿಂದ ಕೊಯ್ದು ಕೂರಿಸಬೇಕಾಯಿತು. ಕೊಯ್ದಷ್ಟೂ ನಾರು ಗಾಳಿಗೆ ಏಳುತ್ತದೆ.

ಮರವನ್ನು ಉಜ್ಜಿ ನುಣುಪು ಮಾಡಿದಾಗ 4 ಇಂಚಿನ ಪಟ್ಟಿ ಕಾಲು ಕಡಿಮೆ ನಾಲ್ಕು ಇಂಚಾಯಿತು, ಅಂದರೆ 95 ಮಿಲಿಮೀಟರ್. ಒಳಗಿನ ರಾಕ್‌ವೂಲ್ 100. ಐದು ಮಿಲಿಮೀಟರ್ ಮುಂದಕ್ಕೆ ಉಬ್ಬಿ ಫಲಕಗಳ ಮುಖ ದಿಂಬಿನಂತೆ ಕಾಣುತ್ತದೆ. ಧ್ವನಿಗೆ ಬಾಧೆಯಿಲ್ಲ, ಆದರೆ ಬಟ್ಟೆ ಎಳೆದು ಕಟ್ಟುವಾಗ ಪ್ರತಿ ಫಲಕಕ್ಕೂ ಹೆಚ್ಚು ಶ್ರಮವಾಯಿತು.

ಮೂರನೆಯದು ಹೆಚ್ಚು ದುಬಾರಿ. ಬೆನ್ನಿಗೆ ಆಧಾರವಿದ್ದರೆ ಗಟ್ಟಿ ಎಂದು 1,150 ರೂಪಾಯಿಯ 6 ಮಿಲಿಮೀಟರ್ ಪ್ಲೈವುಡ್ ತಂದು ಆ ಮೊದಲ ಮೂರು ಚೌಕಟ್ಟುಗಳ ಹಿಂದೆ ಮೊಳೆ ಹೊಡೆದೆ. ಮೂಲೆಗೆ ಅಡ್ಡಲಾಗಿ ನಿಲ್ಲಿಸುವ ಫಲಕದಲ್ಲಿ ಧ್ವನಿ ರಾಕ್‌ವೂಲನ್ನು ಹಾದು ಹಿಂದಿನ ತ್ರಿಕೋನದ ಖಾಲಿ ಜಾಗಕ್ಕೆ ಹೋಗಿ ಮತ್ತೆ ಅದನ್ನೇ ಹಾದು ಬರಬೇಕು. ಬೆನ್ನನ್ನು ಮುಚ್ಚಿದರೆ ಆ ಖಾಲಿ ಜಾಗ ಇದ್ದೂ ಇಲ್ಲದಂತಾಗುತ್ತದೆ. ಮರುದಿನ ಮೊಳೆ ಕಿತ್ತು ಪ್ಲೈವುಡ್ ತೆಗೆದೆ. ಅದರ ಬದಲು ಬೆನ್ನಿಗೆ ಅಡ್ಡಲಾಗಿ ಎರಡು ಸಾಲು ಪ್ಲಾಸ್ಟಿಕ್ ನೇಯ್ಗೆಯ ಪಟ್ಟಿ ಎಳೆದು ಕಟ್ಟಿದೆ, ಅಷ್ಟೇ ಸಾಕಾಯಿತು.

6. ಫೆಬ್ರವರಿ 10ರಿಂದ 18: ತುಂಬುವುದು ಮತ್ತು ಬಟ್ಟೆ

ರಾಕ್‌ವೂಲ್ ಮುಟ್ಟುವ ಮೊದಲು ತುಂಬುತೋಳಿನ ಅಂಗಿ, ಕೈಗವಸು, ಎನ್ 95 ಮುಖಗವಸು, ಕನ್ನಡಕ ಎಲ್ಲವನ್ನೂ ಹಾಕಿಕೊಂಡು ಕೆಲಸವನ್ನು ತಾರಸಿಯ ಮೇಲೆ ಮಾಡಿದೆ. ಕೆಲಸ ಮುಗಿದ ಮೇಲೆ ಮೊದಲು ತಣ್ಣೀರಿನಲ್ಲಿ ತೊಳೆದುಕೊಳ್ಳಬೇಕು; ಮೊದಲ ದಿನ ಬಿಸಿನೀರು ಹೊಯ್ದುಕೊಂಡು, ಮೊಣಕೈ ತುರಿಕೆಯಿಂದ ರಾತ್ರಿ ನಿದ್ದೆ ಬರಲಿಲ್ಲ. ಆ ದಿನದ ಬಟ್ಟೆಗಳನ್ನು ಮನೆಯವರ ಬಟ್ಟೆಗಳ ಜೊತೆ ಒಗೆಯಲಿಲ್ಲ.

ಹೊದಿಕೆಗೆ ಮೊದಲು ಗೋಣಿಬಟ್ಟೆ ತಂದೆ, 840 ರೂಪಾಯಿ. ನೋಡಲು ಚೆಂದ, ಗಾಳಿಯೂ ಸರಾಗವಾಗಿ ಹಾಯುತ್ತದೆ. ಆದರೆ ಸೆಣಬು ನೂಲುವಾಗ ಹಚ್ಚುವ ಎಣ್ಣೆಯ ವಾಸನೆ ಮುಚ್ಚಿದ ಕೋಣೆಯಲ್ಲಿ ಸೀಮೆಎಣ್ಣೆಯಂತೆ ತುಂಬಿಕೊಂಡಿತು. ನಾಲ್ಕು ದಿನ ಬಿಸಿಲಿಗೆ ಹಾಕಿದರೂ ಹೋಗಲಿಲ್ಲ. ಅರ್ಧ ಗಂಟೆ ಉಸಿರು ಹಿಡಿದು ವಾಚಿಸುವವರನ್ನು ಆ ವಾಸನೆಯಲ್ಲಿ ಕೂರಿಸುವುದು ತರವಲ್ಲವೆಂದು ಅದನ್ನು ಬಿಟ್ಟೆ.

ಅನಂತರ ಮೀಟರಿಗೆ 110 ರೂಪಾಯಿಯ ಖಾದಿ ಹತ್ತಿಬಟ್ಟೆ, 36 ಇಂಚು ಪನ್ನದ್ದು, 18 ಮೀಟರ್, 1,980 ರೂಪಾಯಿ. ಬಟ್ಟೆ ಆರಿಸುವ ಪರೀಕ್ಷೆ ಸುಲಭ: ಬಾಯಿಗೆ ಒತ್ತಿ ಹಿಡಿದು ಊದಬೇಕು; ಉಸಿರು ತಡೆಯಿಲ್ಲದೆ ಆಚೆ ಹೋದರೆ ಧ್ವನಿಯೂ ಹೋಗುತ್ತದೆ. ಹೊಸ ಖಾದಿಯಲ್ಲಿ ಗಂಜಿ ಇದ್ದು ಉಸಿರು ತಡೆಯುತ್ತಿತ್ತು, ಒಗೆದ ಮೇಲೆ ಸರಿಹೋಯಿತು. ಒಗೆದಾಗ ಪನ್ನ ಮೂವತ್ತನಾಲ್ಕೂವರೆ ಇಂಚಿಗೆ ಕುಗ್ಗುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಫಲಕದ ಮುಖ ಮತ್ತು ಎರಡು ಪಕ್ಕ ಸೇರಿ 83 ಸೆಂಟಿಮೀಟರ್ ಬೇಕು, ಬಟ್ಟೆ 87 ಚಿಲ್ಲರೆ; ಹಿಂದಕ್ಕೆ ಮಡಚಿ ಸ್ಟೇಪಲ್ ಹೊಡೆಯಲು ಪ್ರತಿ ಬದಿಗೆ ಎರಡೇ ಸೆಂಟಿಮೀಟರ್ ಉಳಿಯಿತು. ಹನ್ನೆರಡು ಫಲಕಗಳನ್ನೂ ಒಬ್ಬರು ಎಳೆದು ಹಿಡಿದು ಇನ್ನೊಬ್ಬರು ಹೊಡೆಯುವಂತೆ ಮಾಡಿ ಮುಗಿಸಿದೆವು. ಇನ್ನೊಮ್ಮೆ ಮಾಡುವುದಾದರೆ 44 ಇಂಚು ಪನ್ನದ ಬಟ್ಟೆಯನ್ನೇ ತರುತ್ತೇನೆ.

ಫಲಕಗಳ ಬೆನ್ನಿಗೆ, ನಾರು ಉದುರದಂತೆ, ಅಮ್ಮನ ಹಳೆಯ ಹತ್ತಿಸೀರೆಗಳನ್ನು ಕತ್ತರಿಸಿ ಹೊಡೆದೆವು. ಒಗೆದು ಒಗೆದು ತೆಳುವಾದ ಆ ಬಟ್ಟೆಗಿಂತ ಗಾಳಿಯಾಡುವ ಬಟ್ಟೆ ಯಾವ ಅಂಗಡಿಯಲ್ಲೂ ನನಗೆ ಸಿಗಲಿಲ್ಲ. ಮೇಲೆ ತೂಗುವ ಎರಡು ಫಲಕಗಳ ಮುಖಕ್ಕೆ ಖಾದಿಯ ಒಳಗೆ ಇನ್ನೊಂದು ಪದರ ಸೀರೆಯನ್ನೂ ಹಾಕಿದೆ.

7. ಫೆಬ್ರವರಿ 25: ಜೋಡಣೆ

ಬಾಗಿಲಿರುವ ಮೂಲೆ ಬಿಟ್ಟು ಉಳಿದ ಮೂರು ಮೂಲೆಗಳಲ್ಲಿ ಒಂದರ ಮೇಲೊಂದರಂತೆ ಎರಡೆರಡು, ಒಟ್ಟು ಆರು ಫಲಕಗಳನ್ನು ಅಡ್ಡಲಾಗಿ ನಿಲ್ಲಿಸಿದೆ. ವಾಚಕರ ಬೆನ್ನಿನ ಗೋಡೆಗೆ ಎರಡು, ಎಡಕ್ಕೊಂದು, ಬಲಕ್ಕೊಂದು. ಗೋಡೆಯ ಫಲಕಗಳ ಹಿಂದೆ ಮರದ ತುಂಡುಗಳನ್ನಿಟ್ಟು 2 ಇಂಚು ಖಾಲಿ ಬಿಟ್ಟಿದ್ದೇನೆ. ಅದೇ ರಾಕ್‌ವೂಲ್ ಗೋಡೆಗೆ ಅಂಟಿಕೊಂಡಿದ್ದಾಗ ಹೀರುವುದಕ್ಕಿಂತ ಕೆಳಗಿನ ಸ್ವರಗಳನ್ನು ಹೀಗೆ ಹೆಚ್ಚು ಹೀರುತ್ತದೆ, ಖರ್ಚು ಏನೂ ಇಲ್ಲ.

ಉಳಿದ ಎರಡು ಫಲಕಗಳನ್ನು ಕುರ್ಚಿಯ ನೇರ ಮೇಲೆ, ಸೂರಿನಿಂದ 4 ಇಂಚು ಕೆಳಗೆ ತೂಗುಹಾಕಿದೆ. ತೂಕ ನೋಡಿದಾಗ ಒಂದೊಂದೂ 7 ಕಿಲೋ ಆಸುಪಾಸು. ಫಲಕಕ್ಕೆ ನಾಲ್ಕರಂತೆ 8 ಮಿಲಿಮೀಟರಿನ ಆಂಕರ್ ಫಾಸ್ಟನರ್, ಸರಪಳಿ. ಕೊರೆಯುವಾಗ ಎರಡು ಕಡೆ ಕಬ್ಬಿಣದ ಸರಳು ಸಿಕ್ಕು ತೂತನ್ನು ಒಂದು ಇಂಚು ಸರಿಸಬೇಕಾಯಿತು. ಕೆಳಗೆ ಕೂರುವವರು ವಯಸ್ಸಾದವರು ಎಂಬುದನ್ನು ನೆನೆದು, ನಾಲ್ಕು ಸರಪಳಿಗಳಲ್ಲದೆ ಪ್ರತಿ ಫಲಕಕ್ಕೂ ಬೇರೆಯೇ ಕೊಕ್ಕೆಯಿಂದ ಒಂದು ಉಕ್ಕಿನ ತಂತಿಯನ್ನು ಸಡಿಲವಾಗಿ ಕಟ್ಟಿದ್ದೇನೆ. ಸ್ಟೇಪಲ್, ಸ್ಕ್ರೂ, ಕೊಕ್ಕೆ, ಸರಪಳಿ ಎಲ್ಲ ಸೇರಿ 1,650.

8. ಮಾರ್ಚ್ 3: ಎರಡನೆಯ ಅಳತೆ ಮತ್ತು ಕುರ್ಚಿಯ ಜಾಗ

1,000 ಹರ್ಟ್ಸ್‌ನಲ್ಲಿ 1.4 ಸೆಕೆಂಡ್ ಇದ್ದದ್ದು 0.4ಕ್ಕೆ, 125ರಲ್ಲಿ 1.2 ಇದ್ದದ್ದು 0.6ಕ್ಕೆ ಇಳಿದಿತ್ತು. ಪ್ರಾಸಾಕ್ಷರಗಳು ಬಿಡಿಬಿಡಿಯಾಗಿ ಕೇಳಿಸಿದವು. ಸ್ಟುಡಿಯೋಗಳಲ್ಲಿ ಮಾತಿನ ಮುದ್ರಣಕ್ಕೆ 0.3ಕ್ಕಿಂತ ಕಡಿಮೆ ಇರುವಂತೆ ನೋಡಿಕೊಳ್ಳುತ್ತಾರೆ. ನಾನು ಅಲ್ಲಿಯವರೆಗೆ ಹೋಗದಿರಲು ನಿರ್ಧರಿಸಿದೆ. ಗಮಕಿಗೆ ತನ್ನ ಧ್ವನಿ ಸ್ವಲ್ಪವಾದರೂ ತನಗೆ ಮರಳಿ ಕೇಳಬೇಕು. ಪೂರ್ತಿ ಸತ್ತ ಕೋಣೆಯಲ್ಲಿ ವಾಚಕರು ತಿಳಿಯದೆಯೇ ಗಂಟಲು ಒತ್ತುತ್ತಾರೆ. ತಾತ್ಕಾಲಿಕವಾಗಿ ಎದುರು ಗೋಡೆಗೂ ದಪ್ಪ ಕಂಬಳಿ ಹೊದಿಸಿ ನೋಡಿದಾಗ ತಂದೆಯವರು ಎರಡನೆಯ ಪದ್ಯಕ್ಕೇ ನಿಲ್ಲಿಸಿ, ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯುತ್ತಿಲ್ಲ ಎಂದರು. ಕಂಬಳಿ ತೆಗೆದೆ. ಆ ಗೋಡೆ ಇಂದಿಗೂ ಬರಿದಾಗಿದೆ. ಪುಸ್ತಕದ ಕಪಾಟು ಮಾತ್ರ ಇದೆ.

114 ಹರ್ಟ್ಸ್‌ನ ಶಿಖರ 14ರಿಂದ 6 ಡೆಸಿಬಲ್ಲಿಗೆ ಇಳಿದಿತ್ತೇ ಹೊರತು ಹೋಗಿರಲಿಲ್ಲ. ಆಗ ಕುರ್ಚಿ ಮತ್ತು ಮೈಕನ್ನು ಕೋಣೆಯ ನಡುವಿನಿಂದ ಬಲಗೋಡೆಯ ಕಡೆಗೆ ಅರ್ಧರ್ಧ ಅಡಿ ಸರಿಸುತ್ತಾ ಪ್ರತಿ ಸಲವೂ ಅಳೆದೆ. ಅಗಲದ ಎರಡನೆಯ ಅನುರಣನ ನಡುಮಧ್ಯದಲ್ಲಿ ಅತ್ಯಂತ ಬಲವಾಗಿರುತ್ತದೆ, ಕಾಲು ಭಾಗದಲ್ಲಿ, ಅಂದರೆ ಗೋಡೆಯಿಂದ ಎರಡೂವರೆ ಅಡಿಯಲ್ಲಿ, ಬಹುತೇಕ ಇಲ್ಲವಾಗುತ್ತದೆ. ಅಳತೆಯೂ ಹಾಗೆಯೇ ತೋರಿಸಿತು. ಎರಡೂವರೆ ಅಡಿಯಲ್ಲಿ ಫಲಕ ತೀರ ಕಿವಿಯ ಬಳಿ ಬಂದು ಧ್ವನಿ ಒಂದು ಬದಿಗೆ ಒತ್ತಿದಂತಾದ್ದರಿಂದ ಮೂರು ಅಡಿಯಲ್ಲಿ ನಿಲ್ಲಿಸಿದೆ. ಶಿಖರ 3 ಡೆಸಿಬಲ್‌ಗೆ ಬಂತು, ಮಂದ್ರದ ಧೈವತ ಉಳಿದ ಸ್ವರಗಳ ಸಾಲಿಗೆ ಸೇರಿತು. ಎತ್ತರದ ದಿಕ್ಕಿಗೂ ಇದೇ ಲೆಕ್ಕ ಅನ್ವಯಿಸುತ್ತದೆ: ನೆಲದ ಮೇಲೆ ಕೂತಿದ್ದರೆ ಬಾಯಿ ಸರಿಯಾಗಿ ಎರಡೂವರೆ ಅಡಿ ಎತ್ತರದಲ್ಲಿ ಇರುತ್ತಿತ್ತು. ಕುರ್ಚಿಯಲ್ಲಿ ಅದು ಮೂರು ಮುಕ್ಕಾಲು ಅಡಿ. ಮಂಡಿನೋವು ಇಲ್ಲದವರು ಚಾಪೆಯ ಮೇಲೆ ಕೂರುವುದೇ ಒಳ್ಳೆಯದು.

ಈ ಕುರ್ಚಿ ಸರಿಸುವ ಕೆಲಸಕ್ಕೆ ಒಂದು ರೂಪಾಯಿಯೂ ಬೇಕಾಗಿರಲಿಲ್ಲ, ಇದನ್ನು ಡಿಸೆಂಬರ್ 17ರಂದೇ ಮಾಡಬಹುದಿತ್ತು. ಕುರ್ಚಿಯ ನಾಲ್ಕು ಕಾಲಿನ ಜಾಗಕ್ಕೆ ನೆಲದ ಮೇಲೆ ಈಗ ಟೇಪ್ ಅಂಟಿಸಿದ್ದೇನೆ.

9. ಮಾರ್ಚ್ 9: ಕಿಟಕಿ, ಬಾಗಿಲು

ಫಲಕ ಹಾಕಿದರೆ ಹೊರಗಿನ ಆಟೋ ಸದ್ದು ನಿಲ್ಲುವುದಿಲ್ಲವೇ ಎಂದು ನೋಡಲು ಬಂದವರೆಲ್ಲ ಕೇಳಿದರು. ನಿಲ್ಲುವುದಿಲ್ಲ. ಫಲಕಗಳು ಒಳಗಿನ ಅನುರಣನಕ್ಕೆ. ಹೊರಗಿನ ಸದ್ದಿಗೆ ತೂಕವೂ ಸಂದಿಲ್ಲದ ಮುಚ್ಚಿಗೆಯೂ ಬೇಕು. ಕಿಟಕಿಯ ಒಳಬದಿಗೆ 6 ಮಿಲಿಮೀಟರಿನ ಎರಡನೆಯ ಗಾಜು ಕೂರಿಸಿದ್ದಕ್ಕೆ 2,300, ಬಾಗಿಲಿನ ಸುತ್ತ ಮತ್ತು ಕೆಳಗೆ ರಬ್ಬರ್ ಪಟ್ಟಿಗೆ 420. ಮುದ್ರಣದ ಮಟ್ಟ ಸರಿಹೊಂದಿಸಿದ ಮೇಲೆ ಮೌನದ ಭಾಗದಲ್ಲಿ ಮೈನಸ್ 48 ಡೆಸಿಬಲ್ ಇದ್ದದ್ದು ಮೈನಸ್ 57 ಆಯಿತು (ಮೈನಸ್ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಸದ್ದು ಕಡಿಮೆ). ಲ್ಯಾಪ್‌ಟಾಪನ್ನು ಹೊರಗಿನ ಪಡಸಾಲೆಗೆ ಒಯ್ದು ಉದ್ದ ಕೇಬಲ್ ಎಳೆದಾಗ ಮೈನಸ್ 61 ಸಿಕ್ಕಿತು. ಆಡಿಯೋಪುಸ್ತಕಗಳಿಗೆ ಆಡಿಬಲ್ ಕಂಪನಿಯ ಎಸಿಎಕ್ಸ್ ಜಾಲತಾಣ ಕೇಳುವುದು ಮೈನಸ್ 60. ಅಳತೆಗೋಲಾಗಿ ಅದನ್ನೇ ಇಟ್ಟುಕೊಂಡಿದ್ದೆ. ಫ್ಯಾನ್ ಹಾಕಿದರೆ ಇದೆಲ್ಲ ವ್ಯರ್ಥ. ಆದ್ದರಿಂದ ಬೇಸಿಗೆಯಲ್ಲಿ ಇಪ್ಪತ್ತು ನಿಮಿಷ ಮುದ್ರಣ, ಹತ್ತು ನಿಮಿಷ ಬಾಗಿಲು ತೆರೆದು ಫ್ಯಾನ್ ಹಾಕುವುದು ಎಂಬ ಕ್ರಮದಲ್ಲಿ ನಡೆಸಿದೆವು.

ಖರ್ಚಿನ ಲೆಕ್ಕ

ಕೆಲಸಕ್ಕೆ ಬಂದದ್ದು: ರಾಕ್‌ವೂಲ್ 4,248, ಸಾಗಣೆ 900, ಮರ 4,200, ಬಡಗಿ 2,000, ಖಾದಿ 1,980, ಕೊಕ್ಕೆ ಇತ್ಯಾದಿ 1,650, ಕಿಟಕಿ ಬಾಗಿಲು 2,720, ಒಟ್ಟು 17,698 ರೂಪಾಯಿ. ವ್ಯರ್ಥವಾದದ್ದು: ಫೋಮ್ 3,200, ಅಂಟು 450, ಬಣ್ಣ 1,400, ಗೋಣಿಬಟ್ಟೆ 840, ಪ್ಲೈವುಡ್ 1,150; ಒಟ್ಟು 7,040. ಎರಡೂ ಸೇರಿ 24,738. ಮೈಕ್ ಮತ್ತು ಅದನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಇಂಟರ್‌ಫೇಸ್ ಮೊದಲೇ ಇದ್ದವು, ಇದರಲ್ಲಿ ಸೇರಿಸಿಲ್ಲ.

10. 2024ರ ಜುಲೈ: ಮಳೆಗಾಲ

ಏಪ್ರಿಲ್, ಮೇ ತಿಂಗಳುಗಳಲ್ಲಿ ಕಾವ್ಯದ ನಾಲ್ಕು ಸಂಧಿಗಳ (ಅಧ್ಯಾಯಗಳ) ವಾಚನ ಮುಗಿಯಿತು. ಜುಲೈ ಎರಡನೆಯ ವಾರ ಪಶ್ಚಿಮದ ಮೂಲೆಯ ಕೆಳಗಿನ ಫಲಕದ ಬಟ್ಟೆಯ ಮೇಲೆ ಬೂದುಬಣ್ಣದ ಬೂಷ್ಟಿನ ಚುಕ್ಕೆಗಳು ಕಾಣಿಸಿದವು. ರಾಕ್‌ವೂಲಿಗೆ ಬೂಷ್ಟು ಹತ್ತುವುದಿಲ್ಲ. ಮರಕ್ಕೂ ಹತ್ತಿಬಟ್ಟೆಗೂ ಹತ್ತುತ್ತದೆ. ಆ ಚೌಕಟ್ಟಿನ ಅಂಚು ಮಳೆಗೆ ಬೆವರುವ ಹೊರಗೋಡೆಗೆ ನೇರವಾಗಿ ತಾಗಿಕೊಂಡಿತ್ತು, ಕೆಳಗೆ ನೆಲದ ಮೇಲೂ ಕೂತಿತ್ತು. ಬಟ್ಟೆ ಬಿಚ್ಚಿ ಒಗೆದು, ಮರಕ್ಕೆ ವಾರ್ನಿಶ್ ಬಳಿದು, ನೆಲದಿಂದ 2 ಇಂಚು, ಗೋಡೆಯಿಂದ 1 ಇಂಚು ದೂರವಿರುವಂತೆ ರಬ್ಬರ್ ಗುಬ್ಬಿಗಳನ್ನು ಕೊಟ್ಟು ಮತ್ತೆ ನಿಲ್ಲಿಸಿದೆ. ಉಳಿದ ಐದು ಮೂಲೆ ಫಲಕಗಳಿಗೂ ಅದನ್ನೇ ಮಾಡಿದೆ. ಚೌಕಟ್ಟು ಕಟ್ಟುವಾಗಲೇ ವಾರ್ನಿಶ್ ಬಳಿದಿದ್ದರೆ ಎರಡು ದಿನದ ಕೆಲಸ ಉಳಿಯುತ್ತಿತ್ತು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಈ ಕೆಲಸಕ್ಕೆ ಕೈಹಾಕುವವರು ಇದನ್ನು ಮರೆಯಬಾರದು.

ಇನ್ನೂ ಬಗೆಹರಿಯದೆ ಉಳಿದಿರುವುದು ಮಳೆಯ ಸದ್ದು. ಕಿಟಕಿಯ ಹೊರಗೆ 10 ಅಡಿ ಉದ್ದ, 6 ಅಡಿ ಅಗಲದ ಜಿಂಕ್ ಶೀಟಿನ ಮಾಡು ಇದೆ. ಹನಿ ಬಿದ್ದರೆ ಎರಡು ಗಾಜುಗಳನ್ನೂ ದಾಟಿ ಮೈಕಿಗೆ ಬರುತ್ತದೆ. ಒಂದು ಸಾಧಾರಣ ಮಳೆಯಲ್ಲಿ ಮೌನದ ಭಾಗ ಮೈನಸ್ 41 ಇತ್ತು. ಒಳಗೆ ಎಷ್ಟು ಫಲಕ ಹಾಕಿದರೂ ಇದಕ್ಕೆ ಪರಿಹಾರವಿಲ್ಲ. ಶೀಟು ನಡುಗುವುದನ್ನೇ ತಡೆಯಬೇಕು. ತೋಟದಿಂದ ಒಣಗಿದ ಅಡಿಕೆ ಸೋಗೆ ತರಿಸಿ ಶೀಟಿನ ಮೇಲೆ ಎರಡು ಪದರ ಹಾಸಿ, ಗಾಳಿಗೆ ಹಾರದಂತೆ ಬಿದಿರಿನ ಗಳ ಅಡ್ಡವಿಟ್ಟು ಕಟ್ಟಿದೆ. ಅದೇ ಬಗೆಯ ಮಳೆಗೆ ಮೈನಸ್ 47 ಬಂತು. ಸಂಧಿಯ ವಾಚನಕ್ಕೆ ಅದು ಸಾಲದು, ವ್ಯಾಖ್ಯಾನದ ಮಾತಿಗೂ ಸಾಲದು. ಸದ್ಯ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ನೋಡಿ, ಮಳೆ ಹೊಳವಾಗಿದ್ದರೆ ತಂದೆಯವರನ್ನು ಎಬ್ಬಿಸುತ್ತೇನೆ. ಈ ತಿಂಗಳು ಹಾಗೆ ಆರು ದಿನ ಸಿಕ್ಕಿದೆ. ಸೋಗೆಯ ಮೂರನೆಯ ಪದರವನ್ನು ಬರುವ ಭಾನುವಾರ ಹಾಸುತ್ತೇವೆ.